ಜುಲೈ 4ಕ್ಕೆ ಅಮ್ಮನ ಜೊತೆ ಪ್ರೆಸ್ಕಾಟ್ ರೋಡಿಯೋ (ಉದ್ದ ಇದೆ, ಬೈಬೇಡಿ)

ಬಿಸಿಲುಮನೆ · ಜುಲೈ 6, ಬೆಳಿಗ್ಗೆ

ಹೋದ ವರ್ಷ ಇಲ್ಲೇ "ಜುಲೈ 4ಕ್ಕೆ ಫೀನಿಕ್ಸ್ ಸುತ್ತಮುತ್ತ ಎಲ್ಲಿಗೆ ಹೋಗ್ಬಹುದು" ಅಂತ ಕೇಳಿದ್ದೆ (ನಾವಿರೋದು ಅರಿಜೋನಾದ ಫೀನಿಕ್ಸಲ್ಲಿ, ಜುಲೈ 4 ಅಂದ್ರೆ ಅಮೆರಿಕದ ಸ್ವಾತಂತ್ರ್ಯ ದಿನ). ಎಲ್ಲರೂ "ಎಸಿ ಹಾಕ್ಕೊಂಡು ಮಲ್ಕೊ ಗುರು" ಅಂದಿದ್ರಿ. ಹಾಗೇ ಮಾಡಿದ್ದೆ. ಈ ಸಲ ಊರಿಂದ ಅಮ್ಮ ಬಂದಿದ್ದಾರೆ. ಬಂದ ಮೂರನೇ ವಾರಕ್ಕೇ "ಇದೇನೋ, ಕಿಟಕಿ ಇರೋ ಜೈಲು" ಅನ್ನೋಕೆ ಶುರು. ಹೊರಗೆ 43 ಡಿಗ್ರಿ, ವಾಕಿಂಗ್ ಅಂದ್ರೆ ಗ್ಯಾರೇಜಿಂದ ಕಾರಿಗೆ. ಚನ್ನರಾಯಪಟ್ಟಣದ ಹತ್ರದ ಹಳ್ಳೀಲಿ ಮೂವತ್ತು ವರ್ಷ ದನ ಸಾಕಿದ ಹೆಂಗಸು, ಪಾಪ.

ಆಫೀಸಲ್ಲಿ ಒಬ್ಬ "ನಿಮ್ಮಮ್ಮನಿಗೆ ದನ ಅಂದ್ರೆ ಇಷ್ಟಾನಾ? ಹಾಗಾದ್ರೆ ಪ್ರೆಸ್ಕಿಟ್‌ಗೆ ಕರ್ಕೊಂಡು ಹೋಗು, ರೋಡಿಯೋ ಇದೆ" ಅಂದ. ರೋಡಿಯೋ ಅಂದ್ರೆ ಕೌಬಾಯ್‌ಗಳು ಎಗರೋ ಕುದುರೆ, ಗೂಳಿ ಸವಾರಿ ಮಾಡೋ, ಹಗ್ಗ ಬೀಸಿ ಕರು ಹಿಡಿಯೋ ಪಂದ್ಯ. (ಊರಿನ ಹೆಸರು ಬರೆಯೋದು ಪ್ರೆಸ್ಕಾಟ್, ಅಲ್ಲಿನವರು ಅನ್ನೋದು ಪ್ರೆಸ್ಕಿಟ್, ಬಿಸ್ಕಿಟ್ ಇದ್ದ ಹಾಗೆ. "ಪ್ರೆಸ್ಕಾಟ್" ಅಂದ್ರೆ ಹೊರಗಿನವರು ಅಂತ ಥಟ್ಟನೆ ಗೊತ್ತಾಗುತ್ತೆ. ನಾನು ಹೇಗೂ ಬಾಯಿ ಬಿಡೋ ಮುಂಚೆನೇ ಗೊತ್ತಾಗ್ತೀನಿ ಬಿಡಿ.)

ಮೊದಲ ಎಡವಟ್ಟು ನಂದೇ. ಜುಲೈ 4 ಅಂದ್ಮೇಲೆ ಪರೇಡೂ ಅವತ್ತೇ ಅಂದ್ಕೊಂಡು ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದೆ. ಪರೇಡ್ ಇರೋದು ಆ ವಾರದ ಶನಿವಾರ! ಎರಡನೇ ಎಡವಟ್ಟು ಟಿಕೆಟ್ದು. ರೋಡಿಯೋದವರ ಸ್ವಂತ ಸೈಟ್ ಬಿಟ್ಟು ಯಾವುದೋ ಮರುಮಾರಾಟದ ಸೈಟಲ್ಲಿ ತಗೊಂಡು ಹೆಚ್ಚುಕಮ್ಮಿ ಡಬಲ್ ದುಡ್ಡು ಕೊಟ್ಟೆ, ಅದೂ ಬಿಸಿಲಿನ ಕಡೆ ಸೀಟಿಗೆ. ಹೆಂಡತಿ ಇನ್ನೂ ಆಡ್ಕೋತಿದಾಳೆ.

ಐ-17ರಲ್ಲಿ ಬ್ಲಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಏರು. ಸಗುವಾರೊ ಕಳ್ಳಿಗಳು ಒಂದೊಂದಾಗಿ ಕಮ್ಮಿ ಆಗ್ತಾ ಬಂದು ಒಂದು ಕಡೆ ಪೂರ್ತಿ ನಿಂತೇ ಹೋಗುತ್ತೆ. ಕಾರ್ಡೆಸ್ ಜಂಕ್ಷನ್‌ನಲ್ಲಿ 69ನೇ ಹೆದ್ದಾರಿಗೆ ತಿರುಗಿ ಒಂದು ಗಂಟೆಯೊಳಗೆ ಪೈನ್ ಮರ. ಕಾರಿನ ಬಾಗಿಲು ತೆಗೆದಾಗ ಅಮ್ಮ ಅಂದ ಮೊದಲ ಮಾತು: "ಅಬ್ಬಾ, ಗಾಳಿ ಅಂದ್ರೆ ಇದು." ಊರು 5,400 ಅಡಿ ಎತ್ತರದಲ್ಲಿದೆ. ಫೀನಿಕ್ಸಲ್ಲಿ ಬೇಯ್ತಿದ್ದ ದಿನ ಅಲ್ಲಿ 32 ಡಿಗ್ರಿ.

ಬೆಳಿಗ್ಗೆ ಕೋರ್ಟ್‌ಹೌಸ್ ಮೈದಾನದಲ್ಲಿ ಎಲ್ಮ್ ಮರಗಳ ಕೆಳಗೆ ಕೂತು ತಂದಿದ್ದ ಚಿತ್ರಾನ್ನ ಮುಗಿಸಿದ್ವಿ. ಎದುರಿಗೆ ವಿಸ್ಕಿ ರೋ ಅನ್ನೋ ಸಾಲು, ಒಂದು ಕಾಲಕ್ಕೆ ಬರೀ ಹೆಂಡದಂಗಡಿ. 1900ರ ಜುಲೈಯಲ್ಲಿ ಆ ಸಾಲು ಪೂರ್ತಿ ಸುಟ್ಟು ಹೋಯ್ತಂತೆ. ಪ್ಯಾಲೇಸ್ ಅನ್ನೋ ಸಲೂನಿನ ಗಿರಾಕಿಗಳು ಅಷ್ಟುದ್ದದ ಮರದ ಬಾರ್ ಕೌಂಟರನ್ನೇ ಹೊತ್ತು ರಸ್ತೆ ದಾಟಿಸಿ, ನಾವು ಕೂತಿದ್ದ ಮೈದಾನದಲ್ಲಿ ಇಟ್ಟು, ಊರು ಉರೀತಿರುವಾಗ ಕುಡಿಯೋದು ಮುಂದುವರಿಸಿದ್ರು ಅನ್ನೋದು ಅಲ್ಲಿನ ಜನ ಹೇಳಿ ಹೇಳಿ ಸವೆಸಿದ ಕಥೆ. ಅಮ್ಮನಿಗೆ ಹೇಳಿದೆ. "ಕುಡುಕರ ಬುದ್ಧಿ ಎಲ್ಲಾ ಕಡೆ ಒಂದೇ" ಅಂದ್ರು.

ಮಧ್ಯಾಹ್ನ ರೋಡಿಯೋ. ಮಂಡ್ಯ ಕಡೆ ದನಗಳ ಜಾತ್ರೆ ನೋಡಿದವರಿಗೆ ವಾಸನೆ ಪರಿಚಯದ್ದೇ: ಒಣಹುಲ್ಲು, ಗಂಜಳ, ಧೂಳು, ಜೊತೆಗೆ ಕರಿದ ಎಣ್ಣೆ. ಶುರುವಾಗೋದು ಬಾವುಟದಿಂದ. ಒಬ್ಬ ಹುಡುಗಿ ಬಾವುಟ ಹಿಡ್ಕೊಂಡು ಕುದುರೆ ಮೇಲೆ ಮೈದಾನವನ್ನ ಒಂದು ಸುತ್ತು ಬಿರುಗಾಳಿ ಥರ ಬಂದಳು, ಎಲ್ಲರೂ ಎದ್ದು ಹ್ಯಾಟ್ ತೆಗೆದರು. ರಾಷ್ಟ್ರಗೀತೆ, ಒಂದು ಪ್ರಾರ್ಥನೆ, ಸೈನ್ಯದಲ್ಲಿದ್ದವರು ಎದ್ದು ನಿಲ್ಲಿ ಅಂದಾಗ ಚಪ್ಪಾಳೆ. ಆಗಸ್ಟ್ 15ಕ್ಕೆ ಇಸ್ತ್ರಿ ಮಾಡಿದ ಯೂನಿಫಾರ್ಮು, ಕೈಗೊಂದು ಬೂಂದಿ ಲಾಡು ನೆನಪಾಯ್ತು. ಇಲ್ಲಿ ಲಾಡು ಬದಲು ನಿಂಬೆ ಪಾನಕ, ಒಂದು ಲೋಟ ಇಡೀ ಊಟದ ಬೆಲೆ.

ನಮ್ಮ ಸೀಟು ಬಿಸಿಲಿಗಿದ್ರೂ ಶೂಟ್‌ಗಳ ಹತ್ರ ಇತ್ತು. ಶೂಟ್ ಅಂದ್ರೆ ಪ್ರಾಣಿ ಮತ್ತೆ ಸವಾರ ಇಬ್ಬರೂ ಹೊರಗೆ ಬರೋ ಮುಂಚೆ ನಿಲ್ಲೋ ಕಬ್ಬಿಣದ ಗೂಡು. ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ಬೇಲಿಗೆ ಕಟ್ಟಿದ ಹಗ್ಗಕ್ಕೆ ಗ್ಲೌಸ್ ಹಾಕಿದ ಕೈಯಿಂದ ಏನೋ ತಿಕ್ತಾ ಇದ್ದ. ಮೇಲೆ ಕೆಳಗೆ, ಮೇಲೆ ಕೆಳಗೆ, ಬಿಸಿ ಏರೋವರೆಗೆ. ಆಮೇಲೆ ಮಣಿಕಟ್ಟಿಗೆ ಟೇಪು ಸುತ್ತಿ, ಹಲ್ಲಲ್ಲಿ ಕಚ್ಚಿ ಹರಿದ. ಅಮ್ಮ ಮೂಗೆತ್ತಿ "ರಾಳದ ವಾಸನೆ ಕಣೋ" ಅಂದ್ರು. ನಿಜ, ರಾಳವೇ. ಹಗ್ಗ ಕೈಗೆ ಅಂಟಿ ಜಾರದಿರಲಿ ಅಂತ. ಅಷ್ಟು ತಯಾರಿ ಮಾಡ್ಕೊಂಡ ಹುಡುಗ ಗೂಳಿ ಮೇಲೆ ಇದ್ದಿದ್ದು ಮೂರು ಸೆಕೆಂಡ್ ಇರಬಹುದು. ಎದ್ದ, ಹ್ಯಾಟ್ ಎತ್ಕೊಂಡ, ಪ್ಯಾಂಟಿನ ಧೂಳು ಕೂಡ ಕೊಡವದೆ ನಡ್ಕೊಂಡು ಹೋದ. ಗೂಳಿ ಇನ್ನೊಂದು ಸುತ್ತು ಹಾಕಿ, ತೆಗೆದಿದ್ದ ಗೇಟು ನೋಡಿ, ತಾನಾಗೇ ಒಳಗೆ ಹೋಯ್ತು. ಅಮ್ಮ: "ನೋಡು, ಸಂಜೆ ಕೊಟ್ಟಿಗೆಗೆ ಬರೋ ಥರಾನೇ."

ಆದ್ರೆ ಅದಕ್ಕೂ ಮುಂಚೆ ಕರು ಹಿಡಿಯೋ ಆಟ ಇತ್ತು. ಕುದುರೆ ಮೇಲಿಂದ ಹಗ್ಗ ಬೀಸಿ ಕರುವಿನ ಕುತ್ತಿಗೆಗೆ ಹಾಕಿ, ಇಳಿದು ಓಡಿ, ಅದನ್ನ ಎತ್ತಿ ಕೆಡವಿ, ಮೂರು ಕಾಲು ಕಟ್ಟಬೇಕು. ಜನ ಕೂಗ್ತಿದ್ರು. ಅಮ್ಮ ನೋಡಲಿಲ್ಲ. ಮಗಳ ಜುಟ್ಟು ಬಿಚ್ಚಿ ಮತ್ತೆ ಹೆಣೆಯೋಕೆ ಶುರು ಮಾಡಿದ್ರು. ಆ ಆಟ ಮುಗಿಯೋವರೆಗೂ ತಲೆ ಎತ್ತಲಿಲ್ಲ.

ಉಳಿದಿದ್ದು ಕೇಳಿದ್ರೆ ಬರೀತೀನಿ.

ಕಾಫಿಬಟ್ಲು · ಜುಲೈ 6

ಅಣ್ಣ, ಎಂಟು ಸೆಕೆಂಡ್ ಅಂತ ಎಲ್ಲರೂ ಹೇಳ್ತಾರಲ್ಲ, ಅಷ್ಟೇನಾ ಲೆಕ್ಕ? ಗೆಲ್ಲೋದು ಹೇಗೆ? ನಾನು ನ್ಯೂಜೆರ್ಸಿ, ಕೌಬಾಯ್ ಅಂದ್ರೆ ಟಿವೀಲಿ ನೋಡಿದ್ದಷ್ಟೇ.

ಬಿಸಿಲುಮನೆ · ಜುಲೈ 6

ಪಕ್ಕದಲ್ಲಿ ಕೂತಿದ್ದ ಅಜ್ಜ ಹೇಳಿಕೊಟ್ಟಿದ್ದು ಹೇಳ್ತೀನಿ. ಎಗರೋ ಕುದುರೆ, ಗೂಳಿ ಸವಾರಿಗಳಲ್ಲಿ ಎಂಟು ಸೆಕೆಂಡ್ ಕೂತಿರೋದು ಪಾಸ್ ಮಾರ್ಕ್ಸ್ ಅಷ್ಟೇ. ಅದಾದ ಮೇಲೆ ನೂರಕ್ಕೆ ಅಂಕ. ಮಜಾ ಏನಂದ್ರೆ ಅದರಲ್ಲಿ ಅರ್ಧ ಸವಾರನಿಗೆ, ಅರ್ಧ ಪ್ರಾಣಿಗೆ. ಸಾಧು ಕುದುರೆ ಸಿಕ್ಕಿದ್ರೆ ಎಷ್ಟು ಚೆನ್ನಾಗಿ ಕೂತ್ರೂ ಬಹುಮಾನ ಇಲ್ಲ. ಅದಕ್ಕೇ ಅವರು "ಒಳ್ಳೇ ಡ್ರಾ ಸಿಕ್ತು" ಅಂದ್ರೆ ಸಿಕ್ಕಾಪಟ್ಟೆ ಎಗರಿಸೋ ಕುದುರೆ ಸಿಕ್ತು ಅಂತ ಅರ್ಥ! ಒಂದೇ ಕೈ ಹಿಡೀಬೇಕು, ಇನ್ನೊಂದು ಕೈ ಪ್ರಾಣಿಗೆ ತಾಗಿದ್ರೆ ಔಟ್. ಕುದುರೆ ಸವಾರಿಲಿ ಇನ್ನೊಂದು ಷರತ್ತು, ಶೂಟಿಂದ ಹೊರಗೆ ಮೊದಲ ಜಿಗಿತದಲ್ಲಿ ಅವನ ಹಿಮ್ಮಡಿ ಕುದುರೆಯ ಹೆಗಲ ತುದಿಗಿಂತ ಮೇಲೆ ತಾಗಿರಬೇಕು. ಇಲ್ಲಾಂದ್ರೆ ಎಂಟಲ್ಲ, ಹದಿನೆಂಟು ಸೆಕೆಂಡ್ ಕೂತ್ರೂ ಸೊನ್ನೆ.

ಹಗ್ಗದ ಆಟಗಳು, ಹೆಂಗಸರ ಬ್ಯಾರೆಲ್ ರೇಸು ಬರೀ ಸಮಯದ ಲೆಕ್ಕ. ಮೂರು ಡ್ರಮ್ಮು, ಅದರ ಸುತ್ತ ಮೂರೆಲೆಯ ಆಕಾರದಲ್ಲಿ ಕುದುರೆ ತಿರುಗಿಸಬೇಕು, ಒಂದು ಡ್ರಮ್ ಬಿದ್ರೆ ಐದು ಸೆಕೆಂಡ್ ದಂಡ. ಗೆಲುವು ಸೋಲು ಸೆಕೆಂಡಿನ ನೂರರಲ್ಲೊಂದು ಪಾಲಲ್ಲಿ ನಿರ್ಧಾರ ಆಗೋ ಆಟದಲ್ಲಿ ಐದು ಸೆಕೆಂಡ್ ಅಂದ್ರೆ ಮನೆಗೆ ಹೋಗು ಅಂತ. ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅದೊಂದಕ್ಕೇ.

ಅದೇ ಅಜ್ಜ ನಾನು ಹೊಸದಾಗಿ ತಗೊಂಡ ಹುಲ್ಲಿನ ಹ್ಯಾಟನ್ನ ಬೆಂಚಿನ ಮೇಲೆ ಅಂಚು ಕೆಳಗಾಗಿ ಇಟ್ಟಿದ್ದು ನೋಡಿ, ಏನೂ ಮಾತಾಡದೆ ಎತ್ತಿ ಅಂಗಾತ ತಿರುಗಿಸಿಟ್ಟ. ಅಂಚು ಕೆಳಗಿಟ್ರೆ ಅದೃಷ್ಟ ಸುರಿದು ಹೋಗುತ್ತಂತೆ. ನನ್ನ ಅದೃಷ್ಟ ಟಿಕೆಟ್ ತಗೋವಾಗಲೇ ಸುರಿದಿತ್ತು ಅಂತ ಹೇಳಲಿಲ್ಲ.

ಹಾವೇರಿ_ಹೋರಿ · ಜುಲೈ 6

ಭಾರಿ ಬರದೀರಿ ಸರ್ರ. ನಾ ಟೆಕ್ಸಾಸ್‌ನಾಗ ಅದೀನಿ, ಹಿಂಗಾಗಿ ಒಂದು ತಕರಾರು. ಪ್ರೆಸ್ಕಾಟ್‌ನವರು "ಜಗತ್ತಿನ ಅತಿ ಹಳೇ ರೋಡಿಯೋ" ಅಂತ ಟ್ರೇಡ್‌ಮಾರ್ಕ್ ಮಾಡಿಸಿ ಬೋರ್ಡ್ ಹಾಕ್ಯಾರಲ್ಲ, ಅವರದು 1888. ನಮ್ಮ ಪಶ್ಚಿಮ ಟೆಕ್ಸಾಸಿನ ಪೇಕೋಸ್‌ನವರು 1883ರ ಜುಲೈ 4ಕ್ಕ ಮಾಡೇವಿ ಅಂತಾರ. ನಿಮ್ಮ ಅರಿಜೋನಾದಾಗನ ಪೇಸನ್ ಅಂತ ಇನ್ನೊಂದು ಊರೈತಿ, ಅವರು 1884ರಿಂದ ಬಿಟ್ಟಿಲ್ಲ ಅಂತಾರ. ಮೂರೂ ಊರಿನವರನ್ನ ಒಂದ ಕಟ್ಟಿ ಮ್ಯಾಲ ಕುಂದ್ರಿಸಬಾರದು.

ಮತ್ತ, ಪ್ರಾಣಿಗೂ ಮಾರ್ಕ್ಸ್ ಕೊಡ್ತಾರ ಅಂದ್ರಲ್ಲ, ಅದ ನಂಗ ಭಾಳ ಸೇರಿದ್ದು. ಇಲ್ಲಿ ಗೂಳಿಗೂ ಹೆಸರು, ಲೆಕ್ಕ, ಅಭಿಮಾನಿಗಳು. ಬೊಡೇಶಸ್ ಅಂತ ಒಂದು ಹಳದಿ ಗೂಳಿ ಇತ್ತು, ಎಂಥೆಂಥಾ ಚಾಂಪಿಯನ್ನರ ಮಾರಿ ಒಡದು ಹಾಕ್ತು. 1995ರಾಗ ಇನ್ನ ಸಾಕು ಅಂತ ನಿವೃತ್ತಿ ಮಾಡಿಸಿದ್ರು. ಇವತ್ತಿಗೂ ಅದರ ಚಿತ್ರದ ಟೀ ಶರ್ಟ್ ಮಾರ್ತಾರ. ನಮ್ಮ ಕಡೆ ದೀಪಾವಳಿಗೆ ಹೋರಿ ಬೆದರಿಸೋದು (ಕೊರಳಾಗ ಕೊಬ್ಬರಿ ಕಟ್ಟಿದ ಹೋರಿ ಓಡಿಸ್ತಾರ, ಜನ ಅದನ್ನ ಹರಕೋಬೇಕು) ನೋಡಿದವರಿಗೆ ಇದೇನ ಹೊಸಾದಲ್ಲ. ಕೊಬ್ಬರಿ ಹೋರಿ, ಪೀಪಿ ಹೋರಿ, ಹೋರಿ ಹೆಸರಿಲೆ ಬ್ಯಾನರ್, ಹೋರಿ ಬರೂ ಮುಂಚೆ ಮೈಕಿನ್ಯಾಗ ಬಿರುದು. ಕೊಬ್ಬರಿ ಹರಕೊಂಡಾವ ಹೀರೋ, ಹರೀಲಾರದಂಗ ಓಡಿದ ಹೋರಿ ಅವನಕಿಂತ ದೊಡ್ಡ ಹೀರೋ. ಫರಕು ಒಂದ: ನಮ್ಮಲ್ಲಿ ಹೋರಿ ಮ್ಯಾಲ ಯಾರೂ ಕುಂದ್ರಂಗಿಲ್ಲ.

ಸೊಪ್ಪುಸಾರು · ಜುಲೈ 6, ರಾತ್ರಿ

ಎಲ್ಲರೂ ಮಜಾ ಅಂತ ಬರೀತಿದೀರಿ. ಕ್ಷಮಿಸಿ, ನನಗೆ ಇದು ಹಿಂಸೆ ಅಷ್ಟೇ. ಕುದುರೆ ಯಾಕೆ ಎಗರುತ್ತೆ ಗೊತ್ತಾ? ಹೊಟ್ಟೆಗೆ, ಮರ್ಮಸ್ಥಾನಕ್ಕೆ ಹಗ್ಗ ಬಿಗಿದು ನೋವು ಕೊಡ್ತಾರೆ. ಇಂಗ್ಲೆಂಡಲ್ಲಿ 1934ರಲ್ಲೇ ಕಾನೂನು ಮಾಡಿ ರೋಡಿಯೋ ನಿಲ್ಲಿಸಿದ್ರು. ಸ್ವಾತಂತ್ರ್ಯ ದಿನದಂದು ಕರು ಕಾಲು ಕಟ್ಟೋದು, ಎಂಥಾ ಸ್ವಾತಂತ್ರ್ಯ! ಬಿಸಿಲುಮನೆ ಅವರ ಅಮ್ಮನಿಗೆ ಅರ್ಥ ಆಗಿದ್ದು ಅಲ್ಲಿದ್ದ ಅಷ್ಟೂ ಜನಕ್ಕೆ ಅರ್ಥ ಆಗಲಿಲ್ಲ.

ದನದ_ಡಾಕ್ಟ್ರು · ಜುಲೈ 7

ಸೊಪ್ಪುಸಾರು ಮೇಡಂ, ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ. ನಾನು ಹೆಬ್ಬಾಳದಲ್ಲಿ ಪಶುವೈದ್ಯ ಓದಿ ಈಗ ಕೊಲರಾಡೋದಲ್ಲಿ ಇದೀನಿ, ದೊಡ್ಡ ಪ್ರಾಣಿಗಳೇ ನನ್ನ ಕೆಲಸ.

ಮರ್ಮಸ್ಥಾನಕ್ಕೆ ಕಟ್ಟೋದು ಸುಳ್ಳು. ಆ ಪಟ್ಟಿ ಕಟ್ಟೋದು ಹಿಂಗಾಲಿನ ಮುಂದೆ, ಸೊಂಟದ ಸುತ್ತ. ಅಲ್ಲದೆ ಸವಾರಿಗೆ ಬರೋ ಕುದುರೆಗಳಲ್ಲಿ ಎಷ್ಟೋ ಹೆಣ್ಣು ಕುದುರೆಗಳು, ಬೀಜ ಒಡೆದವು. ಕುದುರೆಗೆ ಕಟ್ಟೋದರ ಒಳಭಾಗಕ್ಕೆ ಕುರಿ ಉಣ್ಣೆ ಇರುತ್ತೆ, ಗೂಳಿಗೆ ಮೆತ್ತನೆ ಹತ್ತಿ ಹಗ್ಗ. ಪ್ಯಾಂಟು ಸಡಿಲ ಆದಾಗ ನಾವು ಸೊಂಟ ಕುಣಿಸಲ್ವಾ, ಹಾಗೆ ಅದನ್ನ ಒದ್ದು ಕಳಚೋಕೆ ನೋಡುತ್ತೆ. ಜಾಸ್ತಿ ಬಿಗಿದ್ರೆ ಎಗರೋದೇ ಇಲ್ಲ, ನಿಂತುಬಿಡುತ್ತೆ. ಸವಾರಿ ಮುಗಿದ ತಕ್ಷಣ ಪಕ್ಕದ ಕುದುರೆಯವರು ಬಂದು ಪಟ್ಟಿ ಎಳೆದು ಬಿಡಿಸ್ತಾರೆ, ಗಮನಿಸಿ ನೋಡಿ. ಎಗರೋ ಗುಣಕ್ಕೇ ತಳಿ ಮಾಡಿದ ಕುದುರೆ ಗೂಳಿಗಳು ಇವು. ಪ್ರಾಣಿಗಳನ್ನ ಒದಗಿಸೋ ಗುತ್ತಿಗೆದಾರನಿಗೆ ಅದೇ ಬಂಡವಾಳ, ಹೊಡೆದು ಬಡಿದು ಹಾಳು ಮಾಡ್ಕೊಳ್ಳಲ್ಲ.

ಇನ್ನು ಕರು. ಅದರಲ್ಲಿ ನಾನು ನಿಮ್ಮ ಕಡೆ. ನೂರು ಕೆಜಿ ದಾಟಿದ ಕರು ಪೂರ್ತಿ ವೇಗದಲ್ಲಿ ಓಡ್ತಿರುವಾಗ ಕುತ್ತಿಗೆಗೆ ಹಗ್ಗ ಬಿದ್ದು ಗಕ್ಕನೆ ನಿಲ್ಲೋದು ಅಂದ್ರೆ ಏನು ಅಂತ ಶರೀರಶಾಸ್ತ್ರ ಓದಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರುವನ್ನ ಹಿಂದಕ್ಕೆ ಅಂಗಾತ ಬೀಳೋ ಹಾಗೆ ಜಗ್ಗಿದ್ರೆ ದಂಡ ಅಂತ ವೃತ್ತಿಪರ ಸಂಘದ ನಿಯಮ ಇದೆ, ಪ್ರದರ್ಶನದಲ್ಲಿ ಪಶುವೈದ್ಯ ಇರಲೇಬೇಕು ಅಂತಲೂ ಇದೆ. ಆದ್ರೂ ಮನಸ್ಸು ಒಪ್ಪಲ್ಲ. ಹೆಂಗಸರು ಆಡೋ ಬ್ರೇಕ್‌ಅವೇ ಅನ್ನೋ ರೂಪ ನನಗೆ ಇಷ್ಟ: ಹಗ್ಗದ ಇನ್ನೊಂದು ತುದಿಯನ್ನ ಜೀನಿಗೆ ಬರೀ ದಾರದಲ್ಲಿ ಕಟ್ಟಿರ್ತಾರೆ. ಕುಣಿಕೆ ಬಿದ್ದು ಕರು ಮುಂದೆ ಓಡಿದ ತಕ್ಷಣ ದಾರ ಕಿತ್ತು ಬರುತ್ತೆ, ಗಡಿಯಾರ ನಿಲ್ಲುತ್ತೆ, ಕರು ಬೀಳೋದೇ ಇಲ್ಲ. ಕೈಚಳಕ ಅಷ್ಟೇ ಬೇಕು. ಗಂಡಸರಿಗೂ ಇದನ್ನೇ ಇಟ್ಟರೆ ಏನಾಗುತ್ತೋ ನನಗಂತೂ ಗೊತ್ತಿಲ್ಲ. ಕೇಳಿದ್ರೆ ನನ್ನ ಗಿರಾಕಿಗಳೇ ನನ್ನನ್ನ ಕಟ್ಟಿ ಹಾಕ್ತಾರೆ.

ಕುಡ್ಲದ_ಕೂಸು · ಜುಲೈ 7

ಇದೇ ವಾದ ನಮ್ಮ ಕಂಬಳಕ್ಕೂ ಆಗಿತ್ತಲ್ಲ ಮಾರಾಯ್ರೆ. 2014ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ ಕಂಬಳ ನಿಂತದ್ದು, 2017ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ, ಕೊನೆಗೆ 2023ರ ಮೇ 18ಕ್ಕೆ ಐದು ನ್ಯಾಯಮೂರ್ತಿಗಳ ಪೀಠ ಒಪ್ಪಿದ್ದು. ನನ್ನ ಅಪ್ಪ ಆ ದಿನ ಟಿವಿ ಎದುರಿನಿಂದ ಏಳಲೇ ಇಲ್ಲ. ಕೋಣಕ್ಕೆ ಹೊಡೆಯುವುದು ಬೇಡ ಎನ್ನುವುದನ್ನು ನಾನೂ ಒಪ್ಪುತ್ತೇನೆ, ಬೆತ್ತ ಇಲ್ಲದೆಯೂ ಓಡುತ್ತವೆ ಅವು. ಆದರೆ ನಗರದಲ್ಲಿ ಕೂತು "ನಿಲ್ಲಿಸಿ" ಎಂದು ಹೇಳುವವರು ಕೋಣ ಸಾಕಲಿಕ್ಕೆ ವರ್ಷಕ್ಕೆ ಎಷ್ಟು ಹುರುಳಿ ಬೇಕು ಅಂತ ಒಮ್ಮೆ ಕೇಳಬೇಕು. ಪ್ರೆಸ್ಕಾಟಿನಲ್ಲಿ ಗೂಳಿಯ ಯಜಮಾನನನ್ನು ಯಾರಾದರೂ ಮಾತಾಡಿಸಿದಿರಾ?

ಬಿಸಿಲುಮನೆ · ಜುಲೈ 7

ಇಲ್ಲ ಮೇಡಂ, ಹಿಂದುಗಡೆಗೆ ಬಿಡಲ್ಲ. ಬೇಲಿ ಸಂದೀಲಿ ನೋಡಿದ್ದಷ್ಟೇ. ಗೂಳಿಗಳು ಮಲಗಿ ಮೆಲುಕು ಹಾಕ್ತಿದ್ವು. ಒಂದಂತೂ ಏಳುನೂರು ಕೆಜಿಗೆ ಕಮ್ಮಿ ಇಲ್ಲ, ಬೆನ್ನ ಮೇಲೆ ಗುಬ್ಬಚ್ಚಿ ಥರದ ಹಕ್ಕಿ ಕೂತ್ರೂ ಕಿವಿ ಅಲ್ಲಾಡಿಸ್ತಿರಲಿಲ್ಲ. ಅಮ್ಮ ಅದರ ಹಿಣಿಲು, ಗಂಗೆದೊಗಲು ನೋಡಿ "ಇದು ನಮ್ಮ ಕಡೆ ರಕ್ತ" ಅಂದ್ರು. ಹುಡುಕಿದೆ, ತಪ್ಪೇನಿಲ್ಲ: ಅಮೆರಿಕದ ಬ್ರಹ್ಮನ್ ತಳಿ ಅಂದ್ರೆ ನಮ್ಮ ದೇಶದಿಂದ ಹೋದ ದನಗಳ ಸಂತಾನ, ಇಂಥಾ ಗೂಳಿಗಳಲ್ಲಿ ಆ ರಕ್ತ ಬಹಳ. ಅಮ್ಮ ಅವತ್ತಿಂದ ಫೋನಲ್ಲಿ ಊರವರಿಗೆಲ್ಲ "ಅಲ್ಲಿ ನಮ್ಮ ಹಸು ಮೊಮ್ಮಕ್ಕಳು ಅಮೆರಿಕದವರನ್ನ ಎತ್ತಿ ಎಸೀತಾವೆ" ಅಂತ ಹೇಳ್ತಿದಾರೆ.

ಹಳೇಗ್ರಂಥಿ · ಜುಲೈ 7

ಅಮ್ಮನ ಮಾತು ಕೇಳಿ ಇನ್ನೊಂದು ವಂಶಾವಳಿ ನೆನಪಾಯಿತು, ಭಾಷೆಯದು. ಕೌಬಾಯ್ ಎಂದರೆ ಅಪ್ಪಟ ಅಮೆರಿಕನ್ ಬಿಳಿಯ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಅವನ ಬಾಯಲ್ಲಿರುವ ಮಾತೆಲ್ಲ ಸ್ಪ್ಯಾನಿಷ್. ರೋಡಿಯೋ ಎಂಬುದೇ 'ರೊದೆಯಾರ್', ಅಂದರೆ ಸುತ್ತುವರಿ. ಬಯಲಲ್ಲಿ ಬಿಟ್ಟ ದನಗಳನ್ನು ಸುತ್ತುವರಿದು ಒಂದೆಡೆ ಕೂಡಿಸುವ ಕೆಲಸಕ್ಕೆ ಇದ್ದ ಹೆಸರು. ಲೇರಿಯಟ್ ಎಂಬ ಹಗ್ಗ 'ಲಾ ರಿಯಾಟಾ'. ಬಕರೂ ಎಂದರೆ 'ವಾಕೆರೋ', ದನ ಕಾಯುವವ. ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತುವುದಕ್ಕೆ ಅವರು ಹೇಳುವ 'ಡ್ಯಾಲಿ' ಎಂದರೆ 'ದಾರ್ ಲಾ ವುಯೆಲ್ತಾ', ಒಂದು ಸುತ್ತು ಹಾಕು. ಮೆಕ್ಸಿಕೊದ ದನಗಾಹಿಗಳಿಂದ ಕೆಲಸ ಕಲಿತರು, ಪದಗಳನ್ನು ತಮ್ಮ ನಾಲಗೆಗೆ ಬಂದಂತೆ ಮುರಿದುಕೊಂಡರು. 1888ರಲ್ಲಿ ಪ್ರೆಸ್ಕಾಟಿನ ಮೊದಲ ಸ್ಪರ್ಧೆ ಗೆದ್ದವನ ಹೆಸರು ಹ್ವಾನ್ ಲೇವಾಸ್. ಬೋರ್ಡಿನಲ್ಲಿ 'ಅತಿ ಹಳೆಯದು' ಎಂಬುದು ದೊಡ್ಡಕ್ಷರ, ಈ ಹೆಸರು ಸಣ್ಣಕ್ಷರ.

ಓಡುವ ಹೋರಿಗರುವಿನ ಮೇಲೆ ಕುದುರೆಯಿಂದ ಹಾರಿ ಕೊಂಬು ತಿರುಚಿ ಕೆಡಹುವ ಆಟವಿದೆಯಲ್ಲ, ಅದನ್ನು ಶುರುಮಾಡಿದವನೆಂದು ಖ್ಯಾತನಾದವನು ಬಿಲ್ ಪಿಕೆಟ್, ಟೆಕ್ಸಾಸಿನ ಕಪ್ಪು ಕೌಬಾಯ್. ದನದ ತುಟಿಯನ್ನು ಹಲ್ಲಿನಿಂದ ಕಚ್ಚಿ ಕೆಡಹುತ್ತಿದ್ದ! 1932ರಲ್ಲಿ ತೀರಿಕೊಂಡ. ಕೌಬಾಯ್‌ಗಳ ಗೌರವ ಪಟ್ಟಿಗೆ ಅವನ ಹೆಸರು ಸೇರಲು 1971 ಆಗಬೇಕಾಯಿತು. 1916ರಲ್ಲಿ ಆರೆಗನ್ನಿನ ಪೆಂಡಲ್ಟನ್‌ನಲ್ಲಿ ಕುದುರೆ ಸವಾರಿ ಗೆದ್ದ ಜಾಕ್ಸನ್ ಸನ್‌ಡೌನ್ ನೆಜ್ ಪರ್ಸ್ ಎಂಬ ಮೂಲನಿವಾಸಿ ಬುಡಕಟ್ಟಿನವನು, ಆಗವನಿಗೆ ಐವತ್ತು ದಾಟಿತ್ತು. ನಿಮ್ಮ ರಾಜ್ಯದಲ್ಲೇ ವಿಂಡೋ ರಾಕ್‌ನಲ್ಲಿ ನವಾಹೊ ಜನ ಜುಲೈ 4ಕ್ಕೆ ತಮ್ಮದೇ ರೋಡಿಯೋ ನಡೆಸುತ್ತಾರೆ. ತಮ್ಮ ನೆಲ ಕಿತ್ತುಕೊಂಡ ದೇಶದ ಹುಟ್ಟುಹಬ್ಬದಂದು. ಅದನ್ನೊಮ್ಮೆ ನೋಡಬೇಕೆಂದು ನನಗೆ ಆಸೆ.

ಮಳೆ_ಹಿಲ್ಸ್‌ಬರೊ · ಜುಲೈ 7

ನಾವು ಆರೆಗನ್ನಿನ ಪೋರ್ಟ್‌ಲ್ಯಾಂಡ್ ಕಡೆಯವರು ಸೇಂಟ್ ಪಾಲ್‌ಗೆ ಹೋಗೋದು. ಇನ್ನೂರಲ್ಲ ಸಾವಿರವಲ್ಲ, ನಾನೂರು ಚಿಲ್ಲರೆ ಜನಸಂಖ್ಯೆ ಇರೋ ಊರು. 1936ರಿಂದ ಜುಲೈ 4ಕ್ಕೆ ರೋಡಿಯೋ. ಆ ವಾರ ಮಾತ್ರ ಊರಿನ ಗದ್ದೆಗಳೆಲ್ಲ ಪಾರ್ಕಿಂಗು. ನಮ್ಮ ಮಗ ಅಲ್ಲಲ್ಲ, ಬೇರೆ ಒಂದು ಚಿಕ್ಕ ಊರಿನ ಜಾತ್ರೇಲಿ ಕುರಿ ಸವಾರಿ ಮಾಡಿದ. ಚಿಕ್ಕ ಮಕ್ಕಳಿಗೆ ಮಾತ್ರ, ತೂಕದ ಮಿತಿ ಇರುತ್ತೆ, ಜಾಲರಿ ಇರೋ ಹೆಲ್ಮೆಟ್ಟು, ಎದೆಗೆ ಕವಚ ಹಾಕ್ತಾರೆ. ಕುರಿ ಮೂರು ಹೆಜ್ಜೆ ಓಡ್ತು, ಮಗ ನಿಧಾನವಾಗಿ ಪಕ್ಕಕ್ಕೆ ವಾಲಿ ಚೀಲ ಬಿದ್ದ ಹಾಗೆ ಬಿದ್ದ. ಬಾಯ್ತುಂಬ ಮಣ್ಣು. ಅತ್ತ. ಕೈಗೊಂದು ರಿಬ್ಬನ್ ಕೊಟ್ಟ ಮೇಲೆ "ಮತ್ತೆ ಕುರಿ ಬೇಕು" ಅಂತ ಮನೆವರೆಗೂ ಅತ್ತ.

ಆ ವಾರವನ್ನ ಸವಾರರು ಕೌಬಾಯ್ ಕ್ರಿಸ್‌ಮಸ್ ಅಂತಾರೆ ಗೊತ್ತಾ? ದೇಶದ ತುಂಬ ಒಟ್ಟಿಗೇ ಇಷ್ಟು ರೋಡಿಯೋ, ಇಷ್ಟು ಬಹುಮಾನ ಬೇರೆ ಯಾವಾಗಲೂ ಇರಲ್ಲ. ಪ್ರೆಸ್ಕಾಟ್, ವಯೋಮಿಂಗಿನ ಕೋಡಿ, ಮೊಂಟಾನಾದ ಲಿವಿಂಗ್‌ಸ್ಟನ್, ರೆಡ್ ಲಾಡ್ಜ್, ನಮ್ಮ ಸೇಂಟ್ ಪಾಲ್, ಎಲ್ಲ ಒಂದೇ ವಾರ. ಸಂಬಳ ಅಂತ ಯಾರಿಗೂ ಇಲ್ಲ, ಉಲ್ಟಾ ಪ್ರತಿ ಕಡೆ ಪ್ರವೇಶ ಶುಲ್ಕ ಕಟ್ಟಿ ಇಳೀಬೇಕು. ಬಿದ್ರೆ ಡೀಸೆಲ್ ದುಡ್ಡೂ ಕೈಯಿಂದ. ವರ್ಷದ ಕೊನೆಗೆ ದುಡ್ಡಿನ ಲೆಕ್ಕದಲ್ಲಿ ಮೊದಲ 15 ಜನ ಮಾತ್ರ ಡಿಸೆಂಬರಿನ ಲಾಸ್ ವೇಗಸ್ ಫೈನಲ್‌ಗೆ. ಬಿಸಿಲುಮನೆ ಹೇಳಿದ ಹುಡುಗ ಧೂಳು ಕೊಡವದೆ ಹೋಗಿದ್ದು ಅದಕ್ಕೇ, ಆ ರಾತ್ರಿ ಇನ್ನೊಂದೂರಿಗೆ ಗಾಡಿ ಓಡಿಸಬೇಕಿತ್ತೇನೋ.

ಕಾಫಿಬಟ್ಲು · ಜುಲೈ 8

ಸಂಬಳ ಇಲ್ವಾ?! ಅದಕ್ಕೆ ಕೈ ಕಾಲು ಮುರ್ಕೋಬೇಕಾ?

ದನದ_ಡಾಕ್ಟ್ರು · ಜುಲೈ 8

ಕೈ ಕಾಲಷ್ಟೇ ಅಲ್ಲ. ನಮ್ಮ ಪಕ್ಕದ ರಾಜ್ಯದ ಶೈಯನ್‌ನಲ್ಲಿ 1989ರ ಜುಲೈ 30ಕ್ಕೆ ಲೇನ್ ಫ್ರಾಸ್ಟ್ ಅನ್ನೋ ಚಾಂಪಿಯನ್ ಸತ್ತ, 25 ವರ್ಷ. ಎಂಟು ಸೆಕೆಂಡ್ ಪೂರ್ತಿ ಮಾಡಿ ಇಳಿದ ಮೇಲೆ ಗೂಳಿ ತಿರುಗಿ ಬೆನ್ನಿಗೆ ಕೊಂಬು ಒತ್ತಿತು. ಅವನ ಗೆಳೆಯ ಕೋಡಿ ಲ್ಯಾಂಬರ್ಟ್, ಅವನೂ ಸವಾರ, ಆಮೇಲೆ ಎದೆಕವಚ ಮಾಡಿದ. ಈಗ ಎಲ್ಲರ ಮೈಮೇಲೂ ಇರುತ್ತೆ. ಹೆಲ್ಮೆಟ್ ಹಾಕೋರೂ ಜಾಸ್ತಿ ಆಗಿದಾರೆ, ಹಳಬರು ಮೂಗು ಮುರೀತಾರೆ.

ಗೂಳಿ ಬೆನ್ನಟ್ಟಿದಾಗ ಬಣ್ಣದ ಬಟ್ಟೆ ಹಾಕ್ಕೊಂಡು ಮಧ್ಯೆ ಬರ್ತಾರಲ್ಲ, ಜೋಕರ್ ಅಂತ ನಗಬೇಡಿ. ಆ ಮೈದಾನದಲ್ಲಿ ನಾನು ಕೈ ಮುಗಿಯೋದು ಅವರಿಗೇ.

ಸೊಪ್ಪುಸಾರು · ಜುಲೈ 8

ಪಟ್ಟಿ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್ ಡಾಕ್ಟ್ರೆ, ಎಲ್ಲೋ ಓದಿದ್ದನ್ನ ಹಾಗೇ ನಂಬಿದ್ದೆ. ಕರು ವಿಷಯದಲ್ಲಿ ನಾನು ಬದಲಾಗಲ್ಲ. ಬಿಸಿಲುಮನೆ ಅವರೇ, ಒಂದು ಕೇಳ್ಲಾ? ನಿಮ್ಮಮ್ಮ ಆಮೇಲೆ ಏನಂದ್ರು? ಮತ್ತೆ ಹೋಗ್ತಾರಂತಾ?

ಬಿಸಿಲುಮನೆ · ಜುಲೈ 8, ರಾತ್ರಿ

ಕೇಳಿದೆ ಮೇಡಂ, ಇವತ್ತು ಊಟದ ಹೊತ್ತಲ್ಲಿ. ನಿಮ್ಮ ಕಾಮೆಂಟನ್ನೇ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ಕರು ಹಿಡಿಯೋದು ನಂಗೇನು ಹೊಸದಲ್ಲ. ಔಷಧಿ ಕುಡಿಸೋಕೆ ನಾನೂ ಕಾಲು ಕಟ್ಟಿ ಕೆಡವಿದೀನಿ, ನಿಮ್ಮಪ್ಪ ತಲೆ ಅದುಮಿ ಹಿಡ್ಕೋತಿದ್ರು. ಆದ್ರೆ ಕೆಲಸ ಆದ್ಮೇಲೆ ಬಿಚ್ಚಿ, ಬೆನ್ನು ಸವರಿ, ಒಂದು ಹಿಡಿ ಬೂಸ ಕೊಡ್ತಿದ್ವಿ. ಇಲ್ಲಿ ಅವನು ಕಟ್ಟಿ ಎರಡೂ ಕೈ ಮೇಲೆತ್ತಿದ. ಕರು ಕಡೆ ತಿರುಗೂ ನೋಡಲಿಲ್ಲ" ಅಂದ್ರು.

ನಾನು ಆಮೇಲೆ ನಿಯಮ ಓದಿದೆ. ಕೈ ಎತ್ತೋದು ಮುಗೀತು ಅನ್ನೋ ಸನ್ನೆ, ಗಡಿಯಾರ ನಿಲ್ಲಿಸೋಕೆ. ಆರು ಸೆಕೆಂಡ್ ಗಂಟು ಬಿಚ್ಚಿಕೊಳ್ಳದೆ ಇದ್ರೆ ಮಾತ್ರ ಸಮಯ ಲೆಕ್ಕಕ್ಕೆ ಬರೋದು. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ರೂ ಅವರ ಮಾತು ಬದಲಾಗ್ತಿರಲಿಲ್ಲ.

ಮತ್ತೆ ಹೋಗ್ತಾರಾ ಅಂದ್ರೆ, ಹೋಗ್ತಾರಂತೆ. ಪರೇಡ್ ನೋಡೋದು ಬಾಕಿ ಇದೆಯಂತೆ. "ಕರುವಿನ ಆಟ ಬಂದಾಗ ನಾನೂ ಪುಟ್ಟೀನೂ ನಿಂಬೆ ಪಾನಕ ಕುಡಿಯೋಕೆ ಹೋಗ್ತೀವಿ" ಅಂತ ಈಗಲೇ ಹೇಳಿಟ್ಟಿದಾರೆ.

ಇನ್ನೊಂದು ಬರೆಯೋದು ಮರೆತಿದ್ದೆ. ಸಂಜೆ ವಾಪಸ್ ಬರುವಾಗ ಮತ್ತೆ ಕೋರ್ಟ್‌ಹೌಸ್ ಹತ್ರ ನಿಲ್ಲಿಸಿದ್ವಿ. ಕೆಲವರ ಟೀ ಶರ್ಟ್ ಮೇಲೆ, ಕಾರುಗಳ ಹಿಂದೆ 19 ಅನ್ನೋ ಅಂಕಿ. ಯಾರದೋ ಜೆರ್ಸಿ ನಂಬರ್ ಅಂದ್ಕೊಂಡಿದ್ದೆ. 2013ರ ಜೂನ್ 30ಕ್ಕೆ ಯಾರ್ನೆಲ್ ಹತ್ರ ಕಾಡ್ಗಿಚ್ಚು ನಂದಿಸೋಕೆ ಹೋದ ಈ ಊರಿನ 19 ಜನ ಅಗ್ನಿಶಾಮಕದವರು ಒಟ್ಟಿಗೆ ಸತ್ತರಂತೆ. ನಾಲ್ಕು ದಿನಕ್ಕೆ ಜುಲೈ 4. ಆ ವರ್ಷವೂ ರೋಡಿಯೋ ನಿಲ್ಲಲಿಲ್ಲ. ಪಟಾಕಿ ನೋಡೋಕೆ ಕಂಬಳಿ ಹಾಸ್ಕೊಂಡು ಕೂತಿದ್ದ ಒಬ್ಬ ಹೆಂಗಸು ಇದನ್ನ ಹೇಳಿದ್ದು. ನಾನು ಏನೂ ಕೇಳಿರಲಿಲ್ಲ, ಅಂಕಿ ನೋಡ್ತಿದ್ದೆ ಅಷ್ಟೇ. ನಾವು ಪಟಾಕಿಗೆ ನಿಲ್ಲಲಿಲ್ಲ, ಮಗಳು ಹೆಗಲ ಮೇಲೆ ನಿದ್ದೆ.

ಕುಡ್ಲದ_ಕೂಸು · ಜುಲೈ 9

ಮುಂದಿನ ವರ್ಷಕ್ಕೆ ಉಪಯೋಗದ ಮಾಹಿತಿ ಒಟ್ಟಿಗೆ ಹಾಕಿ ಸರ್. ನಾವು ಟೂಸಾನ್‌ನಿಂದ ಬರುವ ಅಂತ ಇದ್ದೇವೆ, ಎರಡು ಮಕ್ಕಳು, ಒಬ್ಬರು ಶುದ್ಧ ಸಸ್ಯಾಹಾರಿ ಅತ್ತೆ.

ಬಿಸಿಲುಮನೆ · ಜುಲೈ 9

ಶನಿವಾರ ಹೋಗಿ, ಪರೇಡ್ ಬೆಳಿಗ್ಗೆ, ಬೇಗ ಹೋಗಿ ಮರದ ಕೆಳಗೆ ಜಾಗ ಹಿಡೀಬೇಕು. ಟಿಕೆಟ್ ಅವರ ಸ್ವಂತ ಸೈಟಲ್ಲೇ, ನೆರಳಿನ ಕಡೆ, ಇಲ್ಲಾಂದ್ರೆ ರಾತ್ರಿ ಆಟ. ಬೆಂಚು ಕಾದಿರುತ್ತೆ, ಕೂರೋಕೆ ಟವೆಲ್ ತಗೊಳ್ಳಿ (ಚಡ್ಡಿ ಹಾಕ್ಕೊಂಡು ಹೋಗಿದ್ದೆ, ಇನ್ನು ವಿವರ ಬೇಡ). ಒಳಗೆ ಅತ್ತೆಯವರಿಗೆ ಸಿಗೋದು ಸುಟ್ಟ ಜೋಳ, ಸಿಹಿ ಪಾಪ್‌ಕಾರ್ನ್, ಆಲೂಗಡ್ಡೆ. ಫ್ರೈ ಬ್ರೆಡ್ ಅಂತ ಇಲ್ಲಿನ ಮೂಲನಿವಾಸಿಗಳ ಪೂರಿ ಇರುತ್ತೆ, ಯಾವುದರಲ್ಲಿ ಕರಿದಿದ್ದು ಅಂತ ಕೇಳಿಯೇ ತಗೊಳ್ಳಿ, ಕೊಬ್ಬಲ್ಲೂ ಕರೀತಾರೆ. ಮೊಸರನ್ನ ಕಾರಲ್ಲಿರಲಿ. ವಾಪಸ್ ಬರುವಾಗ ಐ-17 ಪೂರ್ತಿ ಜಾಮ್, ಎರಡು ಗಂಟೆ ದಾರಿಗೆ ನಮಗೆ ನಾಲ್ಕು ಹಿಡೀತು.

ಹಾವೇರಿ_ಹೋರಿ · ಜುಲೈ 9

ಬಿಸಿಲುಮನೆ ಸರ್, ಅವ್ವಾರು ಊರಿಗೆ ಹೋದಮ್ಯಾಲ ದೀಪಾವಳಿಗೆ ನಮ್ಮ ಕಡೆ ಕಳಸ್ರಿ. ನಮ್ಮ ಅಣ್ಣನ ಮನಿ ಅಖಾಡದ ಬಾಜೂಕ ಐತಿ. ಮಾಳಿಗಿ ಮ್ಯಾಲ ಕುರ್ಚಿ ಹಾಕಿ ಕೊಡ್ತೇವಿ, ಕೆಳಗ ಇಳ್ಯಾಕ ಬಿಡಂಗಿಲ್ಲ.

ಬಿಸಿಲುಮನೆ · ಜುಲೈ 9

ಓದಿ ಹೇಳಿದೆ. "ಓಡಿದ ಮೇಲೆ ಹೋರಿ ಬೆನ್ನು ಸವರ್ತಾರಾ ಕೇಳು" ಅಂತಿದಾರೆ.

ಹಾವೇರಿ_ಹೋರಿ · ಜುಲೈ 9

ಸವರೂದೇನ್ರಿ, ಮನೀಗೆ ಬಂದ ಕೂಡ್ಲೆ ನಮ್ಮ ವೈನಿ ಆರತಿ ಎತ್ತತಾರ. ನಮ್ಮಣ್ಣಗ ಮಾತ್ರ ಚಹಾನೂ ಸಿಗಂಗಿಲ್ಲ ಆ ದಿನ.